ಆಕ್ಸೊಲಾಟಲ್ ಟ್ಯಾಂಕಿಗೆ ಯಾವ ಫಿಲ್ಟರ್?

ಅಕ್ವೇರಿಯಂ ಅಂಗಡಿಯಲ್ಲಿ ಫಿಲ್ಟರ್ ಕೇಳಿದರೆ ಮೊದಲು ಬರುವ ಪ್ರಶ್ನೆ, ‘ಟ್ಯಾಂಕ್ ಎಷ್ಟು ಅಡಿ?’ ಮೂರಡಿ ಎಂದರೆ ಒಂದು ಡಬ್ಬಿ ಕೈಗೆ ಬರುತ್ತದೆ, ನಾಲ್ಕಡಿ ಎಂದರೆ ಇನ್ನೊಂದು. ಗೋಲ್ಡ್‌ಫಿಶ್‌ಗೆ ಈ ಲೆಕ್ಕ ಸಾಕು, ಆಕ್ಸೊಲಾಟಲ್‌ಗೆ ಸಾಲದು. ಅದು ಮೀನಲ್ಲ. ಮೆಕ್ಸಿಕೊ ನಗರದ ಸೋಚಿಮಿಲ್ಕೊದ ಕೆರೆ-ಕಾಲುವೆಗಳಲ್ಲಿ, ತಂಪಾದ ನಿಧಾನ ನೀರಿನ ತಳದಲ್ಲಿ ಬದುಕುವ ಸಲಮಾಂಡರ್ ಅದು. ಗರಿಯಂಥ ಕಿವಿರುಗಳು ತಲೆಯ ಹೊರಗೇ ಇವೆ. ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುವ ಅಂಗಗಳು ಚರ್ಮದ ಮೇಲೆ ಸಾಲಾಗಿವೆ. ಹರಿವು ಜೋರಾದರೆ ಈ ಪ್ರಾಣಿಗೆ ಹಗಲಿರುಳೂ ನೆಮ್ಮದಿಯಿಲ್ಲ: ಕಿವಿರು ಮುಂದಕ್ಕೆ ಬಾಗುತ್ತದೆ, ಬಾಲದ ತುದಿ ಸುರುಳಿಯಾಗುತ್ತದೆ, ತಿನ್ನುವುದು ನಿಲ್ಲುತ್ತದೆ. ಹಾಗೆಂದು ಫಿಲ್ಟರ್ ಚಿಕ್ಕದಾದರೂ ನಡೆಯದು. ಎರೆಹುಳು ತಿಂದು ಬೆಳೆಯುವ ಈ ಜೀವಿ ಹಾಕುವ ಗಲೀಜು ಸಾಮಾನ್ಯವಲ್ಲ. ಒಟ್ಟಿನಲ್ಲಿ ಫಿಲ್ಟರ್‌ನ ಹೊಟ್ಟೆ ದೊಡ್ಡದಿರಬೇಕು, ಉಸಿರು ಮೆಲ್ಲಗಿರಬೇಕು.

ಮುಂಬೈ, ಪುಣೆ, ಗೋವಾದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಆಕ್ಸೊಲಾಟಲ್‌ಗೆ ಹಿತವಾದುದು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನ ನೀರು. 20 ದಾಟಿದರೆ ಒತ್ತಡ, 24ರಲ್ಲಿ ಜೀವಕ್ಕೇ ಅಪಾಯ. ಮುಂಬೈಯ ಫ್ಲಾಟಿನಲ್ಲಿ ಇಟ್ಟ ಟ್ಯಾಂಕ್ ವರ್ಷದ ಬಹುಪಾಲು 27-30ರಲ್ಲೇ ಇರುತ್ತದೆ. ಟ್ಯಾಂಕಿನ ಮೇಲೆ ಫ್ಯಾನ್ ಇಟ್ಟರೆ ಆವಿಯಾಗಿ ತಣಿಯುತ್ತದೆ ಎನ್ನುತ್ತಾರೆ. ಪುಣೆಯ ಒಣ ಏಪ್ರಿಲ್‌ನಲ್ಲಿ ಕೆಲವು ಡಿಗ್ರಿ ಇಳಿದೀತು, ಮುಂಬೈ ಮತ್ತು ಮಡಗಾಂವ್‌ನ ಸೆಕೆಯಲ್ಲಿ ಅಷ್ಟೂ ಇಲ್ಲ. ಐಸ್ ಬಾಟಲಿ ತುರ್ತಿಗೆ ಸರಿ, ದಿನನಿತ್ಯಕ್ಕೆ ಅಲ್ಲ. ನೀರು ತಣಿಸುವ ಯಂತ್ರವಾದ ಚಿಲ್ಲರ್ ಕೊಳ್ಳಲು, ಅದರ ಕರೆಂಟ್ ಬಿಲ್ ಕಟ್ಟಲು ಮನಸ್ಸಿಲ್ಲದವರು ಈ ಪ್ರಾಣಿಯನ್ನು ತರಲೇಬಾರದು.

ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಆಕ್ಸೊಲಾಟಲ್, ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರು ಕಾಗದಪತ್ರ ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ನೀರಿನ ಲೆಕ್ಕ

ಒಂದು ದೊಡ್ಡ ಆಕ್ಸೊಲಾಟಲ್‌ಗೆ 36×15×15 ಇಂಚಿನ ಟ್ಯಾಂಕ್ ಒಳ್ಳೆಯ ಆರಂಭ. ಇದು ಎತ್ತರಕ್ಕಿಂತ ತಳದ ವಿಸ್ತಾರ ಬೇಡುವ ಪ್ರಾಣಿ. ಮೇಲೆ ಎರಡು ಇಂಚು ಖಾಲಿ ಬಿಡಬೇಕು, ಏಕೆಂದರೆ ಇವು ಹಾರುವುದುಂಟು. ಮುಚ್ಚಳವೂ ಬೇಕು. ಆಗ ಉಳಿಯುವ ನೀರು 36×15×13 ಇಂಚು, ಅಂದರೆ ಸುಮಾರು 115 ಲೀಟರ್. ಮುಂದಿನ ಅಂಕಿಗಳೆಲ್ಲ ಈ 115 ಲೀಟರಿನವು. ನಿಮ್ಮ ಟ್ಯಾಂಕ್ ಬೇರೆ ಅಳತೆಯದಾದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಗಂಟೆಗೆ ಟ್ಯಾಂಕಿನ ನೀರು ಮೂರರಿಂದ ನಾಲ್ಕು ಸಲ ಫಿಲ್ಟರ್ ಹಾದು ಬಂದರೆ ಸಾಕು, ಅಂದರೆ 350ರಿಂದ 450 ಲೀಟರ್. ಡಬ್ಬಿಯ ಮೇಲೆ ಅಚ್ಚಾದ ಅಂಕಿ ಖಾಲಿ ಪಂಪಿನದು. ಒಳಗೆ ಸ್ಪಂಜು ತುಂಬಿ, ಪೈಪು ಮೇಲೇರಿ, ಚಿಲ್ಲರ್ ಸುತ್ತಿ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 900-1000 ಎಂದು ಬರೆದಿರುವುದನ್ನು ಕೊಳ್ಳಿ. ಮನೆಗೆ ತಂದು ಜೋಡಿಸಿದ ಮೇಲೆ ಹೊರಬರುವ ಪೈಪನ್ನು 10 ಲೀಟರಿನ ಬಕೆಟಿಗೆ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿ. 80ರಿಂದ 100 ಸೆಕೆಂಡಿನಲ್ಲಿ ತುಂಬಿದರೆ ಲೆಕ್ಕ ಸರಿ. ಈ ಅಂಕಿಯನ್ನು ಸ್ಟ್ಯಾಂಡಿನ ಒಳಬದಿಗೆ ಬರೆದಿಡಿ, ಮುಂದೆ ಬೇಕಾಗುತ್ತದೆ.

ಯಾವ ಬಗೆ

ಸ್ಪಂಜ್ ಫಿಲ್ಟರ್: ಹೊರಗಿನ ಏರ್ ಪಂಪಿನಿಂದ ನಡೆಯುವ ಇದು ಎಲ್ಲಕ್ಕಿಂತ ಸೌಮ್ಯ. ಕಿವಿರು ಸಿಕ್ಕಿಕೊಳ್ಳುವ ಬಾಯಿಯಿಲ್ಲ, ಮೋಟಾರಿನ ಬಿಸಿ ನೀರಿಗೆ ಹೋಗುವುದಿಲ್ಲ, ಸ್ಪಂಜಿನ ತುಂಬ ಉಪಕಾರಿ ಬ್ಯಾಕ್ಟೀರಿಯಾ ಕೂರುತ್ತದೆ. 7-8 ಸೆಂಟಿಮೀಟರಿಗಿಂತ ಚಿಕ್ಕ ಮರಿಗಳಿಗೆ ಇದೊಂದೇ ಸಾಕು. ದೊಡ್ಡದಕ್ಕಾದರೆ ದೊಡ್ಡ ಗಾತ್ರದ ಎರಡು ಬೇಕು, ಮೇಲಾಗಿ ತಳದ ಮಲವನ್ನು ನೀವೇ ದಿನಾ ತೆಗೆಯಬೇಕು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ಹಾಳುಮಾಡುತ್ತದೆ.

ಹ್ಯಾಂಗ್-ಆನ್ ಫಿಲ್ಟರ್: ಟ್ಯಾಂಕಿನ ಅಂಚಿಗೆ ತೂಗುಹಾಕುವ ಇದಕ್ಕೆ ನೀರು ಅಂಚಿನ ತನಕ ಇರಬೇಕು. ನಮಗೋ ಎರಡು ಇಂಚು ಖಾಲಿ ಬೇಕು. ಅಷ್ಟು ಎತ್ತರದಿಂದ ನೀರು ಬೀಳುತ್ತಿದ್ದರೆ ಸದ್ದೂ ಹೆಚ್ಚು, ತಳದವರೆಗೆ ತಳ್ಳಾಟವೂ ಹೆಚ್ಚು. ಬೇಡ.

ನೀರೊಳಗಿನ ಪವರ್ ಫಿಲ್ಟರ್: ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆಕ್ಸೊಲಾಟಲ್‌ಗೆ ಎಲ್ಲಕ್ಕಿಂತ ಕೆಟ್ಟದ್ದೂ ಇದೇ. ಒಂದೇ ಮೂತಿಯಿಂದ ಜೋರಾಗಿ ನೀರು ಚಿಮ್ಮುತ್ತದೆ, ಮೋಟಾರು ನೀರಿನಲ್ಲೇ ಮುಳುಗಿರುತ್ತದೆ. 20 ವ್ಯಾಟಿನ ಮೋಟಾರಿನ ಬಿಸಿಯೆಲ್ಲ ಸೇರಿದರೆ 115 ಲೀಟರ್ ನೀರು ಗಂಟೆಗೆ ಸುಮಾರು 0.15 ಡಿಗ್ರಿ ಏರುತ್ತದೆ. ಅದನ್ನು ಇಳಿಸಲು ಚಿಲ್ಲರ್ ಹೆಚ್ಚು ಓಡಬೇಕು, ದುಡ್ಡು ನಿಮ್ಮದು.

ಕ್ಯಾನಿಸ್ಟರ್: ಟ್ಯಾಂಕಿನ ಕೆಳಗೆ ಕೂರುವ ಡಬ್ಬಿ. ಸ್ಪಂಜಿಗೆ ಜಾಗ ಹೆಚ್ಚು, ಹೊರಗೆ ಬರುವ ನೀರನ್ನು ಬೇಕಾದಂತೆ ಹರಡಬಹುದು, ಚಿಲ್ಲರಿಗೆ ನೇರ ಜೋಡಿಸಬಹುದು. ನಮ್ಮ ಶಿಫಾರಸು ಒಂದು ಕ್ಯಾನಿಸ್ಟರ್, ಜೊತೆಗೆ ಒಂದು ಸ್ಪಂಜ್ ಫಿಲ್ಟರ್. ಒಂದು ಕೈಕೊಟ್ಟರೆ ಇನ್ನೊಂದಿದೆ.

ಕ್ಯಾನಿಸ್ಟರ್‌ನೊಳಗೆ ನೀರು ಮೊದಲು ತಾಗುವ ಕಡೆ ಒರಟು ಸ್ಪಂಜು, ಆಮೇಲೆ ಸಣ್ಣ ರಂಧ್ರದ ಸ್ಪಂಜು, ನಂತರ ಸೆರಾಮಿಕ್ ರಿಂಗ್, ಕೊನೆಗೆ ತೆಳುವಾದ ಫಿಲ್ಟರ್ ಉಣ್ಣೆ. ಇದ್ದಿಲು ಬೇಕಿಲ್ಲ, ಯುವಿ ದೀಪವೂ ಬೇಕಿಲ್ಲ. ನೀರೆಳೆಯುವ ಪೈಪಿನ ಬಾಯಿಗೆ ಒರಟು ಸ್ಪಂಜಿನ ತೊಪ್ಪಿಗೆ ಕಡ್ಡಾಯ. ಅದಿಲ್ಲದಿದ್ದರೆ ಒಂದು ದಿನ ಕಿವಿರು ಸಿಕ್ಕಿಕೊಳ್ಳುತ್ತದೆ. ಸೆರಾಮಿಕ್ ರಿಂಗನ್ನು ಟ್ಯಾಂಕಿನೊಳಗೆ ಬಿಡಿಯಾಗಿ ಇಡಲೇಬೇಡಿ. ಬಾಯಿ ತೆರೆದು ನೀರಿನೊಂದಿಗೆ ಆಹಾರವನ್ನು ಎಳೆದುಕೊಳ್ಳುವ ಈ ಪ್ರಾಣಿ ಕಲ್ಲು, ರಿಂಗು ಎಲ್ಲವನ್ನೂ ನುಂಗುತ್ತದೆ. ಜಲ್ಲಿ ಬೇಡ ಎನ್ನುವುದೂ ಇದಕ್ಕೇ.

ಚಿಲ್ಲರ್ ಜೊತೆಗೆ ಹೊಂದಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಫಿಲ್ಟರ್ ಒಂದು ಕಡೆ, ಚಿಲ್ಲರ್ ಇನ್ನೊಂದು ಕಡೆ ಕೊಂಡು, ಜೋಡಿಸುವಾಗ ತಲೆ ಕೆರೆದುಕೊಳ್ಳುತ್ತಾರೆ. ಚಿಲ್ಲರ್‌ನ ಲೇಬಲಿನಲ್ಲಿ ಕನಿಷ್ಠ ಇಷ್ಟು ಹರಿವು ಬೇಕೆಂದು ಬರೆದಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಯಂತ್ರ ಪದೇಪದೇ ನಿಂತು ಹೊರಡುತ್ತದೆ, ಒಳಗೆ ನೀರು ಹೆಪ್ಪುಗಟ್ಟುವುದೂ ಉಂಟು. ಆದ್ದರಿಂದ ಮೊದಲು ಚಿಲ್ಲರ್ ಆರಿಸಿ, ಕನಿಷ್ಠ ಹರಿವು ಗಂಟೆಗೆ 350 ಲೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವಂಥದನ್ನು ನೋಡಿ, ಆಮೇಲೆ ಫಿಲ್ಟರ್. 30 ಡಿಗ್ರಿಯಿಂದ 18ಕ್ಕೆ, ಅಂದರೆ 12 ಡಿಗ್ರಿ ಇಳಿಸಬೇಕಾಗಿರುವುದರಿಂದ ಕಂಪನಿ ಹೇಳುವುದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತನ್ನಿ.

ನೀರು ಟ್ಯಾಂಕಿನಿಂದ ಕ್ಯಾನಿಸ್ಟರಿಗೆ, ಅಲ್ಲಿಂದ ಚಿಲ್ಲರಿಗೆ, ಅಲ್ಲಿಂದ ಟ್ಯಾಂಕಿಗೆ. ಈ ಕ್ರಮ ತಿರುಗುಮುರುಗಾದರೆ ಚಿಲ್ಲರಿನೊಳಗೆ ಕೊಳೆ ಕೂರುತ್ತದೆ. ಹರಿವು ಕಡಿಮೆ ಮಾಡಬೇಕಿದ್ದರೆ ಹೊರಹೋಗುವ ಕಡೆಯ ವಾಲ್ವನ್ನು ತಿರುಗಿಸಿ. ಒಳಬರುವ ಕಡೆ ಬಿಗಿದರೆ ಪಂಪಿಗೆ ನೀರು ಸಾಲದೆ ಗರಗರ ಸದ್ದು ಶುರುವಾಗುತ್ತದೆ.

ತಣ್ಣೀರು ಹರಿಯುವ ಪೈಪಿನ ಮೇಲೆ ಕರಾವಳಿಯ ತೇವದ ಗಾಳಿ ಹನಿಗಟ್ಟುತ್ತದೆ. ಜುಲೈಯಲ್ಲಿ ಪೈಪಿನಿಂದ ತೊಟ್ಟಿಕ್ಕುವ ಈ ನೀರೇ ಪ್ಲೈವುಡ್ ಸ್ಟ್ಯಾಂಡನ್ನು ಉಬ್ಬಿಸುತ್ತದೆ. ಏಸಿ ಮೆಕ್ಯಾನಿಕ್ ಬಳಿ ಸಿಗುವ ಕಪ್ಪು ಫೋಮ್ ಕೊಳವೆಯನ್ನು ಪೈಪಿಗೆ ತೊಡಿಸಿ, ಟ್ಯಾಂಕಿನ ತಳಕ್ಕೂ ಹಿಂಬದಿಗೂ ಥರ್ಮೊಕೋಲ್ ಹಾಳೆ ಕೊಡಿ. ಪ್ಲಗ್ಗಿಗೆ ಹೋಗುವ ಪ್ರತಿ ವಯರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತಿರಲಿ, ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಚಿಲ್ಲರ್ ಕೋಣೆಗೆ ಬಿಸಿ ಬಿಡುತ್ತದೆ. ಮುಚ್ಚಿದ ಕಪಾಟಿನೊಳಗಿಟ್ಟರೆ ತನ್ನ ಬಿಸಿಯನ್ನು ತಾನೇ ಎಳೆದುಕೊಂಡು ಸೋಲುತ್ತದೆ.

ಸ್ಪ್ರೇ ಬಾರ್ ಮಾಡುವುದು

ಟ್ಯಾಂಕಿಗೆ ಮರಳುವ ನೀರನ್ನು ಹರಡುವ ತೂತಿನ ಪೈಪೇ ಸ್ಪ್ರೇ ಬಾರ್. ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯ ಅರ್ಧ ಇಂಚಿನ ಪಿವಿಸಿ ಪೈಪು 30 ಇಂಚು, ಒಂದು ಎಂಡ್ ಕ್ಯಾಪ್, ಒಂದು ಎಲ್ಬೋ. ಇಂಚಿಗೊಂದರಂತೆ 5 ಮಿಲಿಮೀಟರಿನ 25 ತೂತು ಕೊರೆಯಿರಿ. ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ನೀರಿನ ವೇಗ ತಗ್ಗುವುದು ಇದರಿಂದಲೇ. ಫಿಲ್ಟರಿನ ಜೊತೆ ಬರುವ ಬಾರಿನಲ್ಲಿ ತೂತು ಸಣ್ಣ, ಸಂಖ್ಯೆಯೂ ಕಡಿಮೆ, ಅದರಿಂದ ಪಿಚಕಾರಿ ಹೊಡೆಯುತ್ತದೆ. ಕೊರೆದ ಅಂಚಿನ ಚೂರುಗಳನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಒತ್ತಡ ಹೆಚ್ಚಿಲ್ಲದ ಕಾರಣ ಸಾಲ್ವೆಂಟ್ ಬೇಡ, ಒತ್ತಿ ಕೂರಿಸಿದರೆ ಸಾಕು. ಮುಚ್ಚಿದ ತುದಿಯಲ್ಲಿ ನೀರು ಜಾಸ್ತಿ ಬಂದರೆ ಆ ಕಡೆಯ ಬದಿಗೆ ಒಂದು ಬಿಟ್ಟು ಒಂದು ತೂತಿಗೆ ಟೆಫ್ಲಾನ್ ಟೇಪ್ ಸುತ್ತಿ.

ಬಾರನ್ನು ಹಿಂದಿನ ಗಾಜಿಗೆ ಉದ್ದಕ್ಕೆ, ನೀರಿನ ಮೇಲ್ಮೈಗಿಂತ ಒಂದು ಸೆಂಟಿಮೀಟರ್ ಕೆಳಗೆ ಕೂರಿಸಿ, ತೂತುಗಳು ಗಾಜಿನ ಕಡೆ ಮೇಲ್ಮುಖವಾಗಿರಲಿ. ನೀರು ಗಾಜಿಗೆ ಬಡಿದು ಚದುರಿ ಹರಡುತ್ತದೆ. ಈಗ ಪರೀಕ್ಷೆ: ಬಿದಿರು ಕಡ್ಡಿಯ ತುದಿಗೆ ಒಂದು ಗೇಣು ಉಣ್ಣೆದಾರ ಕಟ್ಟಿ ಒದ್ದೆ ಮಾಡಿ, ಟ್ಯಾಂಕಿನ ತಳದ ಹತ್ತಿರ ಆರೇಳು ಕಡೆ ಹಿಡಿಯಿರಿ. ದಾರ ನೆಟ್ಟಗೆ ತೂಗಿದರೆ ಒಳ್ಳೆಯದು. ಎಲ್ಲಿ ಒಂದೇ ದಿಕ್ಕಿಗೆ ವಾಲುತ್ತದೋ ಅಲ್ಲಿ ಒಂದು ಹೂಕುಂಡ ಅಥವಾ ಪೈಪಿನ ತುಂಡು ಅಡ್ಡ ಇಟ್ಟು ನೆಮ್ಮದಿಯ ಮೂಲೆ ಮಾಡಿಕೊಡಿ. ಮೇಲ್ಮೈಯಲ್ಲಿ ಮಾತ್ರ ಸಣ್ಣ ಅಲೆ ಇರಲೇಬೇಕು. ಪೂರ್ತಿ ನಿಂತುಹೋದರೆ ಎಣ್ಣೆಪೊರೆ ಕಟ್ಟಿ ಆಮ್ಲಜನಕ ಇಳಿಯುತ್ತದೆ.

ಪ್ರಾಣಿ ಬರುವ ಮೊದಲು ಬ್ಯಾಕ್ಟೀರಿಯಾ

ಹೊಸ ಫಿಲ್ಟರ್ ಬರೀ ಪ್ಲಾಸ್ಟಿಕ್ ಡಬ್ಬಿ. ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಮ್ಮೂರ ಸೆಕೆ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ ಮಾತ್ರ. ಚಿಲ್ಲರ್ ಆಫ್ ಮಾಡಿ 28 ಡಿಗ್ರಿಯಲ್ಲೇ ನಡೆಸಿದರೆ ಬ್ಯಾಕ್ಟೀರಿಯಾ ಬೇಗ ಹುಲುಸಾಗುತ್ತದೆ.

ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಬೇಕಾದ ಅಮೋನಿಯಾಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್) ಸಾಕು. ಆದರೆ ಕಲಾಯಿ ಹಾಕುವವರದು ಬೇಡ, ಲ್ಯಾಬ್ ದರ್ಜೆಯದಿರಲಿ. ಮುಂಬೈಯವರು ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ವಿಚಾರಿಸಬಹುದು. ಒಂದು ಲೀಟರ್ ನೀರಿಗೆ 10 ಗ್ರಾಂ ಕರಗಿಸಿಡಿ. ಅದರಲ್ಲಿ 70 ಮಿಲಿಲೀಟರ್ ಹಾಕಿದರೆ 115 ಲೀಟರಿನಲ್ಲಿ ಅಮೋನಿಯಾ ಸುಮಾರು 2 ಪಿಪಿಎಂ (ಹತ್ತು ಲಕ್ಷದಲ್ಲಿ ಎರಡು ಪಾಲು) ಆಗುತ್ತದೆ. ಅದು ಸೊನ್ನೆಗೆ ಇಳಿದಾಗೆಲ್ಲ ಮತ್ತೆ ಅಷ್ಟೇ ಹಾಕಿ. ನಲ್ಲಿ ನೀರಿಗೆ ಮೊದಲೇ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿರಬೇಕು. ಅಲೋವೆರಾ ಸೇರಿಸಿದ್ದನ್ನು ಉಭಯಚರಗಳಿಗೆ ಬಳಸಬೇಡಿ.

ತಾನ್ಸಾ, ಭಾತ್ಸಾ, ವೈತರಣಾದಿಂದ ಬರುವ ಮುಂಬೈ ನೀರು ಮೆದು. ಗೋವಾದ ಜಂಬಿಟ್ಟಿಗೆ ನೆಲದ ಬಾವಿ ನೀರೂ ಹಾಗೇ, ಜೊತೆಗೆ ಸ್ವಲ್ಪ ಹುಳಿ. ಮೆದು ನೀರಿನಲ್ಲಿ ಹುಳಿಯನ್ನು ತಡೆಯುವ ಕಾರ್ಬೊನೇಟ್ ಕಡಿಮೆ. ಕೆಎಚ್ ಕಿಟ್ ‘ಡಿಗ್ರಿ’ಯಲ್ಲಿ (ಇದು ತಾಪದ ಡಿಗ್ರಿಯಲ್ಲ) ಅಳೆಯುವುದು ಇದನ್ನೇ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಅದು ಕರಗುತ್ತದೆ: 2 ಪಿಪಿಎಂ ಅಮೋನಿಯಾದ ಒಂದು ಡೋಸ್ ಮುಗಿಯುವಷ್ಟರಲ್ಲಿ ಕೆಎಚ್ ಸುಮಾರು 0.65 ಡಿಗ್ರಿ ಇಳಿದಿರುತ್ತದೆ. ಕೆಎಚ್ 2 ಇರುವ ನೀರು ಮೂರು ಡೋಸಿಗೆ ಬರಿದಾಗಿ, ಪಿಎಚ್ ಧೊಪ್ಪನೆ ಬಿದ್ದು, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಇನ್ನೂ ಸೈಕಲ್ ಆಗಿಲ್ಲ, ಅಂದರೆ ಬ್ಯಾಕ್ಟೀರಿಯಾ ನೆಲೆಗೊಂಡಿಲ್ಲ ಎಂದು ಗೊಣಗುವ ಅನೇಕರ ಟ್ಯಾಂಕಿನ ಕಥೆ ಇಷ್ಟೇ. ಪ್ರಾಣಿ ಇಲ್ಲದ ಈ ಹಂತದಲ್ಲಿ ಮೂರೂವರೆ ಗ್ರಾಂ ಅಡುಗೆ ಸೋಡ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಮುಂದಕ್ಕೆ 100-150 ಗ್ರಾಂ ಹವಳದ ಚೂರನ್ನು ಬಲೆಚೀಲದಲ್ಲಿ ಕಟ್ಟಿ ಕ್ಯಾನಿಸ್ಟರಿನಲ್ಲಿಡಿ. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ನೀರು ಬರತೊಡಗಿದರೆ ಅದು ಬೋರ್‌ವೆಲ್ಲಿನದಿರಬಹುದು, ಗಡುಸು ನೀರು. ಬಳಸುವ ಮೊದಲು ಕಿಟ್‌ನಲ್ಲಿ ನೋಡಿ.

ಒಂದು ಡೋಸ್ 24 ಗಂಟೆಯಲ್ಲಿ ಖಾಲಿಯಾಗಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಚಿಲ್ಲರ್ ಹಾಕಿ, ದಿನಕ್ಕೆ ಎರಡು ಡಿಗ್ರಿಯಂತೆ 18ಕ್ಕೆ ಇಳಿಸಿ. ತಂಪಿನಲ್ಲಿ ಬ್ಯಾಕ್ಟೀರಿಯಾ ನಿಧಾನವಾಗುತ್ತದೆ, ಹಾಗಾಗಿ 18ರಲ್ಲಿ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ. ಇದನ್ನು ಬಿಟ್ಟವರಿಗೆ ಪ್ರಾಣಿ ಬಂದ ವಾರದಲ್ಲೇ ಅಮೋನಿಯಾ ಕಾಣಿಸುತ್ತದೆ. ಪಾಸಾದರೆ ಮುಕ್ಕಾಲು ಪಾಲು ನೀರು ಬದಲಿಸಿ, ನೈಟ್ರೇಟ್ 20 ಪಿಪಿಎಂ ಒಳಗೆ ತಂದು, ಕೆಎಚ್-ಪಿಎಚ್ ಮತ್ತೆ ನೋಡಿ, ತಾಪ 18ಕ್ಕೆ ಮರಳಿದ ಮೇಲೆ ಪ್ರಾಣಿಯನ್ನು ಬಿಡಿ.

ನಡೆಸಿಕೊಂಡು ಹೋಗುವುದು

ಬಾಯಿಯ ಸ್ಪಂಜು ವಾರಕ್ಕೊಮ್ಮೆ, ಕ್ಯಾನಿಸ್ಟರ್ ನಾಲ್ಕರಿಂದ ಆರು ವಾರಕ್ಕೊಮ್ಮೆ. ಬಕೆಟ್ ತುಂಬಲು 100 ಸೆಕೆಂಡಿನ ಬದಲು 130 ಹಿಡಿಯುತ್ತಿದ್ದರೆ ವಾರ ಎಣಿಸದೆ ತೆರೆಯಿರಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಂಜು ಹಿಂಡಬೇಕು. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕ್ಯಾನಿಸ್ಟರನ್ನೂ ಸ್ಪಂಜ್ ಫಿಲ್ಟರನ್ನೂ ಒಂದೇ ವಾರ ತೊಳೆಯಬೇಡಿ. ಮುಚ್ಚುವಾಗ ರಬ್ಬರ್ ರಿಂಗಿನ ಮೇಲೆ ಒಂದು ಕೂದಲೆಳೆ, ಒಂದು ಮರಳಿನ ಕಣ ಉಳಿದರೂ ಸೋರುತ್ತದೆ; ಬೆರಳಾಡಿಸಿ ನೋಡಿ, ಸಿಲಿಕೋನ್ ಗ್ರೀಸ್ ಸವರಿ.

ನೀರು ಬದಲಿಸುವಾಗ 12 ಲೀಟರ್ ನಲ್ಲಿ ನೀರು 28 ಡಿಗ್ರಿಯದಾದರೆ ಟ್ಯಾಂಕ್ ಒಂದು ಡಿಗ್ರಿ ಏರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ದೊಡ್ಡ ಬದಲಾವಣೆಗಿಂತ, ಎರಡು ಸಲ ಒಂದೊಂದು ಬಕೆಟ್ ಮೇಲು. ಮಲ ಕಂಡಾಗ 60 ಮಿಲಿಲೀಟರಿನ ಸಿರಿಂಜಿಗೆ ಏರ್ ಕೊಳವೆ ಸಿಕ್ಕಿಸಿ ಎಳೆದುಬಿಡಿ.

ಕರೆಂಟ್ ಹೋಗುವುದು ಪುಣೆಯ ಗುರುವಾರದ ದುರಸ್ತಿಗೂ ಗೋವಾದ ಮಳೆಗಾಲಕ್ಕೂ ಹೊಸದೇನಲ್ಲ. ಬ್ಯಾಟರಿಯ ಏರ್ ಪಂಪನ್ನು ಸ್ಪಂಜ್ ಫಿಲ್ಟರಿಗೆ ಸಿಕ್ಕಿಸಿದರೆ ಗಾಳಿ ನಿಲ್ಲದು. ಮುಚ್ಚಿದ ಕ್ಯಾನಿಸ್ಟರಿನೊಳಗೆ ಮಾತ್ರ ಆಮ್ಲಜನಕ ಬೇಗ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಮೂರ್ನಾಲ್ಕು ಗಂಟೆ ದಾಟಿದ್ದರೆ, ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗದಂತೆ ಅದರ ಪ್ಲಗ್ ಕಿತ್ತಿಡಿ. ಮೊದಲು ಡಬ್ಬಿ ತೆರೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರು ಬಚ್ಚಲಿಗೆ, ಸ್ಪಂಜುಗಳಿಗೆ ಟ್ಯಾಂಕ್ ನೀರಿನಲ್ಲಿ ಒಂದು ಹಿಂಡು, ಆಮೇಲೆ ಸ್ವಿಚ್. ಮುಂದಿನ ಮೂರು ದಿನ ಅಮೋನಿಯಾ ಕಿಟ್ ಕೈಯಲ್ಲಿರಲಿ, ಎರೆಹುಳು ಅರ್ಧಕ್ಕೆ ಇಳಿಸಿ.