ಹೋಮ್ ಲೋನ್ ಬೇಗ ತೀರಿಸೋದು ಹೇಗೆ: ತಿಂಗಳಿಗೆ ಐದು ಸಾವಿರ ಜಾಸ್ತಿ ಕಟ್ಟಿದ್ರೆ ಐದು ವರ್ಷ ಉಳಿಯತ್ತೆ

ಲೋನ್ ತಗೊಂಡು ಎರಡು ಮೂರು ವರ್ಷ ಆದಮೇಲೆ ಒಂದಿನ ಬ್ಯಾಂಕ್ ಆ್ಯಪ್ ತೆಗೆದು ಬಾಕಿ ಎಷ್ಟಿದೆ ಅಂತ ನೋಡಿ, ಎದೆ ಧಸಕ್ ಅನ್ನತ್ತೆ. ಇಷ್ಟು ದಿನ ಕಟ್ಟಿದ್ದೆಲ್ಲ ಎಲ್ಲೋಯ್ತಪ್ಪಾ ಅಂತ. ನಾನೂ ಹಂಗೇ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ, ಆಮೇಲೆ ಒಂದು ಭಾನುವಾರ ಕೂತು ಲೆಕ್ಕ ಹಾಕಿದ್ಮೇಲೇ ಗೊತ್ತಾಗಿದ್ದು.

40 ಲಕ್ಷ ಸಾಲ, 8.5 ಪರ್ಸೆಂಟ್ ಬಡ್ಡಿ, 20 ವರ್ಷ ಅಂತ ಇಟ್ಕೊಳ್ಳಿ. ಇಎಂಐ 34,713 ರೂಪಾಯಿ ಬರತ್ತೆ. ಮೊದಲನೇ ಕಂತಲ್ಲಿ 28,333 ಬಡ್ಡಿಗೇ ಹೋಯ್ತು, ಅಸಲಿಗೆ ಸೇರೋದು ಬರೀ 6,380. ಐದು ವರ್ಷ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ರೆ ನಿಮ್ಮ ಕೈಯಿಂದ 20.8 ಲಕ್ಷ ಹೋಗಿರತ್ತೆ, ಸಾಲ ಮಾತ್ರ 40ರಿಂದ 35.25ಕ್ಕೆ ಇಳಿದಿರತ್ತೆ ಅಷ್ಟೇ. 20 ವರ್ಷ ಪೂರ್ತಿ ಎಳೆದ್ರೆ ಒಟ್ಟು ಕಟ್ಟೋದು 83.3 ಲಕ್ಷ. ಇದು ಬ್ಯಾಂಕಿನವರ ಮೋಸ ಏನಲ್ಲ, ಬಾಕಿ ಇರೋ ಅಸಲಿನ ಮೇಲೆ ಬಡ್ಡಿ ಹಾಕ್ತಾರೆ, ಶುರುವಲ್ಲಿ ಅಸಲು ದೊಡ್ಡದು, ಬಡ್ಡಿನೂ ದೊಡ್ಡದು.

ಆದ್ರೆ ಇಎಂಐ ಬಿಟ್ಟು ಮೇಲೆ ನೀವು ಕಟ್ಟೋ ಪ್ರತಿ ರೂಪಾಯಿನೂ ಸೀದಾ ಅಸಲಿಗೇ ಹೋಗತ್ತೆ, ಅದರಲ್ಲಿ ಬಡ್ಡಿಗೆ ಪಾಲಿಲ್ಲ. ಇಡೀ ಆಟ ಇರೋದು ಇಲ್ಲೇ. ಮೇಲಿನ ಲೋನಿಗೆ ಮೊದಲ ತಿಂಗಳಿಂದಲೇ 5,000 ಸೇರಿಸಿ ಕಟ್ತಾ ಹೋದ್ರೆ 240 ಕಂತಿನ ಬದಲು 177-178 ಕಂತಿಗೆ ಸಾಲ ಮುಗಿಯತ್ತೆ, ಅಂದ್ರೆ ಐದು ವರ್ಷಕ್ಕಿಂತ ಜಾಸ್ತಿ ಮುಂಚೆ, ಬಡ್ಡಿಲಿ ಸುಮಾರು 13 ಲಕ್ಷ ಉಳಿತಾಯ.

ತಿಂಗಳು ತಿಂಗಳು ಆಗಲ್ಲ ಅನ್ನೋರು ವರ್ಷಕ್ಕೊಂದು ಇಎಂಐ ಎಕ್ಸ್‌ಟ್ರಾ ಕಟ್ಟಿ. ಬೋನಸ್ಸೋ, ಡಿಎ ಅರಿಯರ್ಸೋ, ಊರಲ್ಲಿ ಅಡಿಕೆ ಮಾರಿದ ದುಡ್ಡೋ, ಚೀಟಿ ಎತ್ತಿದ್ದೋ, ಯಾವುದಾದ್ರೂ ಸರಿ. ಇದರಿಂದಲೇ ಮೂರು ವರ್ಷದ ಮೇಲೆ ಕಮ್ಮಿ ಆಗತ್ತೆ, ಎಂಟು ಲಕ್ಷದಷ್ಟು ಬಡ್ಡಿ ಉಳಿಯತ್ತೆ. ಸಂಬಳ ಏರೋ ಕೆಲಸದಲ್ಲಿ ಇರೋರಿಗೆ ಇನ್ನೊಂದು ದಾರಿ ಇದೆ, ಪ್ರತಿ ವರ್ಷ ಇಎಂಐನ 5 ಪರ್ಸೆಂಟ್ ಏರಿಸ್ತಾ ಹೋಗೋದು. ಎರಡನೇ ವರ್ಷ 1,700 ಚಿಲ್ಲರೆ ಜಾಸ್ತಿ, ಗೊತ್ತೂ ಆಗಲ್ಲ. ಹಿಂಗೆ ಮಾಡಿದ್ರೆ 20 ವರ್ಷದ್ದು 12 ವರ್ಷ ಮೂರು ತಿಂಗಳಿಗೆ ಮುಗಿಯತ್ತೆ, ಆದ್ರೆ ಕೊನೆಕೊನೆಗೆ ತಿಂಗಳಿಗೆ 62 ಸಾವಿರ ದಾಟತ್ತೆ ಅನ್ನೋದನ್ನ ಮರೀಬೇಡಿ, ಅಷ್ಟೊತ್ತಿಗೆ ಮಕ್ಕಳ ಕಾಲೇಜ್ ಫೀಸೂ ಬಂದು ಬಾಗಿಲಲ್ಲಿ ನಿಂತಿರತ್ತೆ.

ಯಾವಾಗ ಕಟ್ತೀರ ಅನ್ನೋದು ಎಷ್ಟು ಕಟ್ತೀರ ಅನ್ನೋದಕ್ಕಿಂತ ಮುಖ್ಯ. ಇದೇ ಲೋನಿಗೆ ಒಂದು ವರ್ಷ ಆದ ಕೂಡಲೇ 2 ಲಕ್ಷ ಒಂದೇ ಸಲ ಕಟ್ಟಿದ್ರೆ 26 ಕಂತು ಹಾರಿ ಹೋಗತ್ತೆ. ಅದೇ 2 ಲಕ್ಷ 15 ವರ್ಷ ಆದ್ಮೇಲೆ ಕಟ್ಟಿದ್ರೆ ಎಂಟೂವರೆ ಕಂತು ಅಷ್ಟೇ. "ಸ್ವಲ್ಪ ಸೆಟಲ್ ಆಗ್ಲಿ, ಆಮೇಲೆ ದೊಡ್ಡದಾಗಿ ಕಟ್ತೀನಿ" ಅನ್ನೋರು ಇದನ್ನ ಒಂದ್ಸಲ ನೋಡ್ಕೊಳ್ಳಿ.

ಪೆನಾಲ್ಟಿ ಹಾಕ್ತಾರಾ ಅಂತ ಎಲ್ಲರೂ ಕೇಳೋ ಪ್ರಶ್ನೆ. ನಮ್ಮ ಮಾವ ಈಗಲೂ "ಮುಂಚೆ ಕಟ್ಟಿದ್ರೆ ದಂಡ ಕಣಪ್ಪಾ" ಅಂತಾನೇ ಹೇಳ್ತಾರೆ, ಅವರ ಕಾಲದಲ್ಲಿ ಇತ್ತು, ತಪ್ಪಲ್ಲ. ಆದ್ರೆ ಫ್ಲೋಟಿಂಗ್ ರೇಟಿನ (ಬಡ್ಡಿ ದರ ಆಗಾಗ ಏರಿಳಿಯೋ) ಹೋಮ್ ಲೋನ್ ನಿಮ್ಮ ವೈಯಕ್ತಿಕ ಹೆಸರಲ್ಲಿದ್ರೆ ಬ್ಯಾಂಕ್‌ಗಳು ಹಂಗೆ ಚಾರ್ಜ್ ಹಾಕೋ ಹಾಗಿಲ್ಲ ಅಂತ ಆರ್‌ಬಿಐ 2012ರಲ್ಲೇ ಹೇಳಿ ಆಗಿದೆ. ಫಿಕ್ಸೆಡ್ ರೇಟ್ ಇದ್ರೆ ಮಾತ್ರ ಸ್ಯಾಂಕ್ಷನ್ ಲೆಟರ್ ತೆಗೆದು ಓದಿ.

ಈಗ ಕಟ್ಟೋ ವಿಷಯ, ಇಲ್ಲೇ ಜನ ಎಡವೋದು. ನಾನೂ ಎಡವಿದ್ದೆ. ಮೊದಲ ಸಲ 50 ಸಾವಿರ ಆನ್‌ಲೈನಲ್ಲಿ ಲೋನ್ ಅಕೌಂಟಿಗೆ ಹಾಕಿ ಖುಷಿಯಾಗಿ ಮನೆಯವಳಿಗೆ ಹೇಳಿ ಕಾಫಿ ಕುಡ್ದೆ, ಎರಡು ತಿಂಗಳು ಬಿಟ್ಟು ಸ್ಟೇಟ್‌ಮೆಂಟ್ ನೋಡಿದ್ರೆ ಅವರು ಅದನ್ನ ಅಡ್ವಾನ್ಸ್ ಇಎಂಐ ಅಂತ ಪಕ್ಕಕ್ಕೆ ಇಟ್ಟಿದ್ರು, ಅಸಲು ಒಂದು ರೂಪಾಯಿನೂ ಜಾಸ್ತಿ ಇಳಿದಿರಲಿಲ್ಲ! ಹಾಗಾಗಿ ಆ್ಯಪಲ್ಲಿ ಪಾರ್ಟ್ ಪೇಮೆಂಟ್ ಅಥವಾ ಪಾರ್ಟ್ ಪ್ರೀಪೇಮೆಂಟ್ ಅಂತ ಬೇರೆ ಆಪ್ಷನ್ ಇದ್ಯಾ ನೋಡಿ, ಅದರಲ್ಲೇ ಕಟ್ಟಿ. ಇಲ್ದಿದ್ರೆ ಬ್ರಾಂಚಿಗೆ ಹೋಗಿ, "ಈ ದುಡ್ಡು ಅಸಲಿಗೆ ಜಮಾ ಮಾಡಿ, ಇಎಂಐ ಹಾಗೇ ಇರಲಿ, ಅವಧಿ ಕಮ್ಮಿ ಮಾಡಿ" ಅಂತ ಬರೆದು ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ, ಅಥವಾ ಇಮೇಲ್ ಕಳಿಸಿ. ಬಾಯಲ್ಲಿ ಹೇಳಿದ್ದು ಕೌಂಟರ್ ದಾಟಲ್ಲ.

ಅವಧಿ ಕಮ್ಮಿ ಮಾಡಿ ಅಂತ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಸುಮ್ನಿದ್ರೆ ಕೆಲವು ಕಡೆ ಇಎಂಐ ಕಮ್ಮಿ ಮಾಡಿ ವರ್ಷ ಹಾಗೇ ಬಿಟ್ಬಿಡ್ತಾರೆ. ಆಗ ತಿಂಗಳಿಗೆ ಒಂದೆರಡು ಸಾವಿರ ಉಳಿಯತ್ತೆ, ಅದು ಸ್ವಿಗ್ಗಿಗೋ ಪೆಟ್ರೋಲಿಗೋ ಹೋಗತ್ತೆ, ಬಡ್ಡಿ ಉಳಿತಾಯನೂ ಅರ್ಧಂಬರ್ಧ ಆಗತ್ತೆ. ಕೆಲಸದ ಗ್ಯಾರಂಟಿ ಇಲ್ಲ, ತಿಂಗಳ ಖರ್ಚು ಬಿಗಿ ಆಗ್ತಿದೆ ಅನ್ನೋರಿಗೆ ಮಾತ್ರ ಇಎಂಐ ಇಳಿಸೋದೂ ಸರಿನೇ, ತಪ್ಪೇನಿಲ್ಲ.

ಕೆಲವು ಕಡೆ ಕನಿಷ್ಠ ಇಷ್ಟು ಕಟ್ಟಬೇಕು ಅಂತ ಇರತ್ತೆ, ಒಂದು ಇಎಂಐಗಿಂತ ಕಮ್ಮಿ ತಗೊಳ್ಳಲ್ಲ ಅಂತಾರೆ. ಹಂಗಿದ್ರೆ ಐದೈದು ಸಾವಿರ ಆರ್‌ಡಿಲಿ ಹಾಕ್ತಾ ಹೋಗಿ, ಅಷ್ಟು ಸೇರಿದ ಮೇಲೆ ಕಟ್ಟಿ. ಪ್ರತಿ ಸಲ ಕಟ್ಟಿದ ಮೇಲೆ ಹೊಸ ಶೆಡ್ಯೂಲ್ ಕೇಳಿ ತಗೊಂಡು ಉಳಿದ ಕಂತು ಎಷ್ಟು ಅಂತ ಹಳೇದರ ಜೊತೆ ಹೋಲಿಸಿ ನೋಡೋದು ಮಾತ್ರ ಬಿಡ್ಬೇಡಿ.

ಬಡ್ಡಿ ದರದ ಕಡೆನೂ ಒಂದು ಕಣ್ಣಿರಲಿ. 2022ರ ಮೇ ಇಂದ 2023ರ ಫೆಬ್ರವರಿ ಒಳಗೆ ರೆಪೊ, ಅಂದ್ರೆ ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡೋ ದರ, 4ರಿಂದ 6.5 ಪರ್ಸೆಂಟ್‌ಗೆ ಏರ್ತಲ್ಲ, ಆಗ ಎಷ್ಟೋ ಜನರ ಇಎಂಐ ಅಷ್ಟೇ ಇದ್ದು ವರ್ಷ ಮಾತ್ರ ಸದ್ದಿಲ್ಲದೆ ಬೆಳೀತಾ ಹೋಯ್ತು, ರಿಟೈರ್ ಆದ್ಮೇಲೂ ಕಂತು ಕಟ್ಟೋ ಸ್ಥಿತಿ ಬಂತು. ಅದಾದ್ಮೇಲೆ 2023ರ ಆಗಸ್ಟಲ್ಲಿ ಆರ್‌ಬಿಐ ನಿಯಮ ಮಾಡ್ತು, ದರ ಬದಲಾದಾಗ ಇಎಂಐ ಏರಿಸ್ಬೇಕಾ ಅವಧಿ ಏರಿಸ್ಬೇಕಾ ಅಂತ ಸಾಲಗಾರನನ್ನ ಕೇಳ್ಬೇಕು, ಮೂರು ತಿಂಗಳಿಗೊಂದು ಸಲ ಉಳಿದ ಕಂತು, ಬಡ್ಡಿ, ಅಸಲು ಎಲ್ಲಾ ಇರೋ ಸ್ಟೇಟ್‌ಮೆಂಟ್ ಕೊಡ್ಬೇಕು ಅಂತ. 2025ರಲ್ಲಿ ಅದೇ ರೆಪೊ ನಾಲ್ಕು ಸಲ ಇಳಿದು 5.25ಕ್ಕೆ ಬಂತು. ದರ ಇಳಿದಾಗ ಇಎಂಐ ಇಳಿಸ್ಕೋಬೇಡಿ, ಹಳೇ ಇಎಂಐನೇ ಕಟ್ತಾ ಹೋಗಿ, ಕೈಯಿಂದ ಹೊಸ ದುಡ್ಡು ಹಾಕದೇನೇ ಪ್ರೀಪೇಮೆಂಟ್ ಮಾಡಿದ ಹಾಗೆ ಅದು. ಮತ್ತೆ ನಿಮ್ಮದು 2019ರ ಅಕ್ಟೋಬರ್‌ಗಿಂತ ಹಳೇ ಬ್ಯಾಂಕ್ ಲೋನಾ? ಇನ್ನೂ ಎಂಸಿಎಲ್‌ಆರ್‌ನಲ್ಲೋ ಬೇಸ್ ರೇಟಲ್ಲೋ (ಬ್ಯಾಂಕ್ ತಾನೇ ಲೆಕ್ಕ ಹಾಕೋ ಹಳೇ ದರಗಳು) ಕೂತಿರಬಹುದು, ಸಣ್ಣ ಫೀಸ್ ಕೊಟ್ಟು ರೆಪೊಗೆ ಬದಲಾಯಿಸೋಕೆ ಆಗತ್ತಾ, ಅದರಿಂದ ದರ ಎಷ್ಟು ಇಳಿಯತ್ತೆ ಅಂತ ಮೊದಲು ಕೇಳಿ.

ಇನ್ನು, ಎಲ್ಲಾ ದುಡ್ಡೂ ತಗೊಂಡೋಗಿ ಲೋನಿಗೆ ಸುರೀಬೇಡಿ. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್, ಕೈಸಾಲ ಇದ್ರೆ ಮೊದಲು ಅವನ್ನ ತೀರಿಸಿ, ಹೋಮ್ ಲೋನ್ ಎಲ್ಲಕ್ಕಿಂತ ಅಗ್ಗದ ಸಾಲ. ಆರು ತಿಂಗಳ ಮನೆ ಖರ್ಚು ಪ್ಲಸ್ ಇಎಂಐ ಕೈಯಲ್ಲಿರಲಿ, ಅಸಲಿಗೆ ಒಂದ್ಸಲ ಕಟ್ಟಿದ ದುಡ್ಡು ಆಸ್ಪತ್ರೆ ಖರ್ಚು ಬಂತು ಅಂತ ವಾಪಸ್ ಕೇಳೋಕಾಗಲ್ಲ. ಆ ಭಯ ಜಾಸ್ತಿ ಇದ್ರೆ ಎಸ್‌ಬಿಐ ಮ್ಯಾಕ್ಸ್‌ಗೇನ್ ತರದ ಓವರ್‌ಡ್ರಾಫ್ಟ್ ಲೋನ್‌ಗಳಿವೆ, ಹೆಚ್ಚಿನ ದುಡ್ಡು ಅಲ್ಲೇ ಇಟ್ರೆ ಅಷ್ಟರ ಮೇಲಿನ ಬಡ್ಡಿ ಉಳಿಯತ್ತೆ, ಬೇಕಾದಾಗ ತೆಗೀಬಹುದು, ಬಡ್ಡಿ ದರ ಸ್ವಲ್ಪ ಜಾಸ್ತಿ ಇರತ್ತಾ ನೋಡ್ಕೊಳ್ಳಿ. ಪಿಎಫ್ ತೆಗೆದು ಲೋನ್ ಕಟ್ಟೋದು ನನಗಂತೂ ಇಷ್ಟ ಇಲ್ಲ, 8.25 ಪರ್ಸೆಂಟ್ ಕೊಡ್ತಿದ್ದ ದುಡ್ಡನ್ನ ಎತ್ತಿ 8.5ರ ಸಾಲಕ್ಕೆ ಹಾಕಿ ಏನ್ ಸಿಗತ್ತೆ?

"ಟ್ಯಾಕ್ಸ್ ಉಳಿಯತ್ತೆ, ಲೋನ್ ಇರಲಿ ಬಿಡಿ" ಅಂತ ಆಫೀಸಲ್ಲಿ ಒಬ್ಬರಾದ್ರೂ ಹೇಳ್ತಾರೆ. ನೀವು ಹೊಸ ಟ್ಯಾಕ್ಸ್ ರೆಜೀಮಲ್ಲಿದ್ದು ಅದೇ ಮನೇಲಿ ವಾಸ ಇದ್ರೆ ಬಡ್ಡಿಗೆ ವಿನಾಯಿತಿನೇ ಇಲ್ಲ. ಹಳೇದರಲ್ಲಿ ಇದ್ರೂ 2 ಲಕ್ಷಕ್ಕೆ ಲಿಮಿಟ್ಟು, ಮೇಲಿನ ಲೋನಲ್ಲಿ ಮೊದಲ ವರ್ಷದ ಬಡ್ಡಿನೇ 3.37 ಲಕ್ಷ, ಮಿಕ್ಕಿದ್ದಕ್ಕೆ ಏನೂ ಸಿಗಲ್ಲ. ನೂರು ರೂಪಾಯಿ ಬಡ್ಡಿ ಕಟ್ಟಿ ಮೂವತ್ತು ಟ್ಯಾಕ್ಸ್ ಉಳಿಸೋದು ಯಾವ ಸೀಮೆ ಲಾಭನೋ. ಲೋನ್ ಕಟ್ಟೋ ಬದಲು ಆ ದುಡ್ಡು ಮ್ಯೂಚುವಲ್ ಫಂಡ್ ಎಸ್‌ಐಪಿಗೆ ಹಾಕಿ ಅನ್ನೋ ವಾದ ಬೇರೆ, ಅದರಲ್ಲಿ ಜಾಸ್ತಿ ಬಂದ್ರೂ ಬರಬಹುದು, ಆದ್ರೆ ಗ್ಯಾರಂಟಿ ಇಲ್ಲ, ಸಾಲ ತೀರಿಸಿದ್ರೆ 8.5 ಉಳಿದಿದ್ದಂತೂ ಗ್ಯಾರಂಟಿ. ನಾನು ಅರ್ಧ ಅರ್ಧ ಮಾಡ್ತೀನಿ, ಎಫ್‌ಡಿಲಿ ಮಾತ್ರ ಇಟ್ಕೊಂಡು ಕೂರಲ್ಲ.

ಕೊನೇ ಕಂತು ಕಟ್ಟಿ ಸ್ವೀಟ್ ಹಂಚಿದ ಮೇಲೆ ಪೇಪರ್ ಕೆಲಸ ಇದೆ. ಎನ್‌ಒಸಿ (ಸಾಲ ತೀರಿದೆ, ಬಾಕಿ ಇಲ್ಲ ಅನ್ನೋ ಪತ್ರ) ತಗೊಳ್ಳಿ, ಇಎಂಐ ಆಟೋ ಡೆಬಿಟ್ ನಿಲ್ಲಿಸಿ, ಸೇಲ್ ಡೀಡ್, ಖಾತಾ, ಹಳೇ ಪತ್ರ ಎಲ್ಲಾ ಒರಿಜಿನಲ್, ಲೋನ್ ತಗೊಂಡಾಗ ಕೊಟ್ಟ ಲಿಸ್ಟ್ ಇಟ್ಕೊಂಡು ಒಂದೊಂದೇ ಟಿಕ್ ಹಾಕಿ ಎಣಿಸಿ ತಗೊಳ್ಳಿ. 2023ರ ಡಿಸೆಂಬರ್ 1ರಿಂದ ಪೂರ್ತಿ ತೀರಿದ 30 ದಿನದೊಳಗೆ ಪತ್ರ ವಾಪಸ್ ಕೊಡ್ಬೇಕು, ಅವರ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡ್ಬೇಕು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅಡಮಾನ ರಿಜಿಸ್ಟರ್ ಆಗಿದ್ರೆ ಅದರ ಬಿಡುಗಡೆ ಪತ್ರನೂ ರಿಜಿಸ್ಟರ್ ಮಾಡಿಸಿ, ಇಲ್ದಿದ್ರೆ ಹತ್ತು ವರ್ಷ ಬಿಟ್ಟು ಮನೆ ಮಾರೋಕೆ ಹೋದಾಗ ಇಸಿಲಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರ) ಬ್ಯಾಂಕ್ ಹೆಸರು ಹಾಗೇ ಕೂತಿರತ್ತೆ. ಒಂದು ತಿಂಗಳು ಬಿಟ್ಟು ಕಾವೇರಿ ಪೋರ್ಟಲಲ್ಲಿ ಹೊಸ ಇಸಿ ತೆಗೆದು ನೋಡಿ, ಸಿಬಿಲ್‌ನಲ್ಲೂ ಲೋನ್ ಕ್ಲೋಸ್ಡ್ ಅಂತ ಬಂದಿದ್ಯಾ ನೋಡಿ, ಬಂದಿಲ್ಲ ಅಂದ್ರೆ ಎನ್‌ಒಸಿ ಜೆರಾಕ್ಸ್ ಹಿಡ್ಕೊಂಡು ಮತ್ತೆ ಬ್ರಾಂಚಿಗೆ.