ದೈತ್ಯ ನೈದಿಲೆ ವಿಕ್ಟೋರಿಯಾ: ಬೀಜದಿಂದ ಕೊಳದವರೆಗೆ

ವಿಕ್ಟೋರಿಯಾ ಬೀಜ ಒಮ್ಮೆ ಒಣಗಿದರೆ ಮೊಳೆಯುವುದಿಲ್ಲ. ಕೈಗೆ ಬಂದ ಕ್ಷಣದಿಂದ ನೀರಲ್ಲೇ ಇಡಿ. ಬಟಾಣಿ ಗಾತ್ರದ ಬೀಜದ ಒಂದು ತುದಿಯಲ್ಲಿ ಪುಟ್ಟ ಮುಚ್ಚಳದಂಥ ಭಾಗವಿರುತ್ತದೆ. ಚೂಪು ಚಾಕುವಿನ ಮೊನೆಯಿಂದ ಅದನ್ನಷ್ಟೇ ಎಬ್ಬಿಸಿ, ಒಳಗಿನ ತಿರುಳಿಗೆ ತಾಗಿಸಬೇಡಿ. ಆಮೇಲೆ 30 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಮುಳುಗಿಸಿ, ನೀರನ್ನು ಆಗಾಗ ಬದಲಿಸಿ.

ಮೊದಲ ಎಲೆ ಸೂಜಿಯಾಕಾರ, ನಂತರದ್ದು ಬಾಣದಾಕಾರ. ಬೇರು ಮೂಡಿದೊಡನೆ 10 ಸೆಂ.ಮೀ. ಕುಂಡದಲ್ಲಿ ಮರಳು ಬೆರೆತ ಮಣ್ಣಿಗೆ ನೆಡಿ; ಮೇಲೆ ಐದಾರು ಸೆಂ.ಮೀ. ನೀರು ಸಾಕು. ಬೇರು ಕುಂಡ ತುಂಬುವ ಮುನ್ನವೇ ದೊಡ್ಡದಕ್ಕೆ ಬದಲಿಸುತ್ತಾ ಹೋಗಿ. ಇಲ್ಲಿ ತಡಮಾಡಿದರೆ ಬೆಳವಣಿಗೆ ನಿಂತು, ಗಿಡ ಚಿಕ್ಕದಿರುವಾಗಲೇ ಹೂಬಿಡುತ್ತದೆ. ನಮ್ಮ ಪ್ರಕಾರ ಇಡೀ ಕೆಲಸದಲ್ಲಿ ಅತಿ ಎಚ್ಚರ ಬೇಕಾದ ಹಂತ ಇದೇ.

ಕೊನೆಯ ತೊಟ್ಟಿ ಒಂದು ಮೀಟರ್ ಅಗಲ, 60 ಸೆಂ.ಮೀ. ಆಳವಿರಲಿ, ಜೇಡಿ ಹೆಚ್ಚಿರುವ ಮಣ್ಣು ತುಂಬಿ. ಗೊಬ್ಬರದ ಗುಳಿಗೆಗಳನ್ನು ಮಣ್ಣಿನಾಳಕ್ಕೆ ಒತ್ತಿ, ನೀರಿಗೆ ಕರಗಿದರೆ ಪಾಚಿ ಹಬ್ಬುತ್ತದೆ. ವಿಕ್ಟೋರಿಯಾದ ಅಮೆಜಾನಿಕಾ ಪ್ರಭೇದಕ್ಕೆ ನೀರು 25 ಡಿಗ್ರಿಗಿಂತ ಇಳಿಯದಿರಲಿ. ಕ್ರೂಜಿಯಾನಾ ಪ್ರಭೇದ ಸ್ವಲ್ಪ ತಂಪು ತಾಳುತ್ತದೆ. ಹಳದಿ ಎಲೆ ಕತ್ತರಿಸುವಾಗ ದಪ್ಪ ಕೈಗವಸು ಬೇಕೇ ಬೇಕು, ತೊಟ್ಟಿನಲ್ಲೂ ಎಲೆಯಡಿಯಲ್ಲೂ ಮುಳ್ಳು.

ಬೀಜ ಬೇಕಿದ್ದರೆ, ಅರಳಿದ ಎರಡನೇ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿದ ಹೂವಿನ ಪರಾಗವನ್ನು, ಅರಳಿದ ಮೊದಲ ಸಂಜೆಯ ಬಿಳಿ ಹೂವಿನ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ಹೆಣ್ಣು ಭಾಗದ ತುದಿಗೆ) ಕುಂಚದಿಂದ ಸವರಿ.