ಪುದೀನ ಎಲೆಯ ಬೆಳ್ಳಿ ಓಲೆ

ನಾನು ಮಾಡಿದ ಮೊದಲ ಜೋಡಿಯಲ್ಲಿ ಒಂದು ಓಲೆ ಚೆನ್ನಾಗಿ ಬಂತು. ಇನ್ನೊಂದರ ಮೇಲೆ ಸುಟ್ಟ ಹಪ್ಪಳದ ಹಾಗೆ ಬೊಬ್ಬೆ ಎದ್ದಿತ್ತು. ಎರಡಕ್ಕೂ ಒಂದೇ ಸಿಲ್ವರ್ ಕ್ಲೇ, ಒಂದೇ ಸಂಜೆ, ಬೆಂಕಿ ಉಗುಳುವ ಒಂದೇ ಗ್ಯಾಸ್ ಟಾರ್ಚ್. ವ್ಯತ್ಯಾಸ ಇಷ್ಟೇ, ಎರಡನೆಯದರ ಒಳಗೆ ಇನ್ನೂ ಸ್ವಲ್ಪ ನೀರು ಉಳಿದಿತ್ತು. ಆಗಿನಿಂದ ಇದು ನನಗೆ ಬೆಳ್ಳಿ ಕೆಲಸಕ್ಕಿಂತ ಜಾಸ್ತಿ ನೀರಿನ ಕೆಲಸ ಅನ್ನಿಸುತ್ತದೆ.

ಕ್ಲೇ ಅಂದರೂ ಇದರಲ್ಲಿ ಮಣ್ಣಿಲ್ಲ. ತುಂಬಾ ನುಣ್ಣಗಿನ ಬೆಳ್ಳಿ ಪುಡಿಗೆ ಅಂಟು, ನೀರು ಸೇರಿಸಿ ಕಲಸಿದ ಹಿಟ್ಟು ಇದು. ಸುಟ್ಟಾಗ ಅಂಟು ಉರಿದು ಹೋಗುತ್ತದೆ, ಬೆಳ್ಳಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಶೇಕಡ 99.9 ಶುದ್ಧ ಬೆಳ್ಳಿ. ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್‌ನವರು 1990ರ ದಶಕದ ಆರಂಭದಲ್ಲಿ ಇಂಥ ಕ್ಲೇ ತಯಾರಿಸಿದರು. ಮೊದಮೊದಲಿನದು ಸುಟ್ಟ ಮೇಲೆ ಕಾಲು ಭಾಗಕ್ಕಿಂತ ಜಾಸ್ತಿ ಕುಗ್ಗುತ್ತಿತ್ತು. ನಾನು ಬಳಸುವುದು ಆರ್ಟ್ ಕ್ಲೇ ಸಿಲ್ವರ್, ಅದೂ ಜಪಾನಿನದೇ. ಅದು ಶೇಕಡ 8ರಿಂದ 10ರಷ್ಟು ಕುಗ್ಗುತ್ತದೆ. 22 ಮಿ.ಮೀ. ಉದ್ದದ ಓಲೆ ಬೇಕಿದ್ದರೆ ನಾನು 24 ಮಿ.ಮೀ. ಕತ್ತರಿಸುತ್ತೇನೆ.

ಕೂರುವ ಮೊದಲು ಫ್ಯಾನ್ ಆರಿಸುತ್ತೇನೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಇದು ಕಷ್ಟ. ಆದರೆ ಫ್ಯಾನಿನ ಕೆಳಗೆ ಐದೇ ನಿಮಿಷಕ್ಕೆ ಕ್ಲೇ ಒಣಗಿ ಅಂಚು ಬಿರಿಯುತ್ತದೆ. ಹಾಗಾಗಿ ಪ್ಯಾಕೆಟ್ ಒಡೆಯುವ ಮೊದಲೇ ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತೇನೆ. ಲಟ್ಟಿಸಲು ಪಿವಿಸಿ ಪೈಪಿನ ತುಂಡು, ಕೆಳಗೆ ಟೆಫ್ಲಾನ್ ಹಾಳೆ, ಮಿಕ್ಕ ಕ್ಲೇ ಸುತ್ತಿಡಲು ಪ್ಲಾಸ್ಟಿಕ್, ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ. ಅಲ್ಯೂಮಿನಿಯಂ ಮಾತ್ರ ಹತ್ತಿರ ಬರಬಾರದು. ಅದು ತಗುಲಿದರೆ ಬೆಳ್ಳಿ ಕೆಡುತ್ತದೆ.

ಎರಡೂ ಬದಿಗೆ ನಾಲ್ಕು ನಾಲ್ಕು ಇಸ್ಪೀಟ್ ಎಲೆ ಜೋಡಿಸಿ, ನಡುವೆ ಕ್ಲೇ ಇಟ್ಟು ಲಟ್ಟಿಸಿದರೆ ದಪ್ಪ ಎಲ್ಲೆಡೆ ಒಂದೇ ಸಮ ಬರುತ್ತದೆ. ಎರಡೂ ಓಲೆಯನ್ನು ಒಂದೇ ಹಾಳೆಯಿಂದ ಕತ್ತರಿಸಿ. ಬೇರೆ ಬೇರೆ ಲಟ್ಟಿಸಿದರೆ ತೂಕ ಬದಲಾಗಿ ಒಂದು ಕಿವಿ ಜಗ್ಗುತ್ತದೆ. 10 ಗ್ರಾಂ ಪ್ಯಾಕೆಟ್ಟಿನಲ್ಲಿ ಒಂದು ಜೋಡಿ ಮಾಡಿ ಸ್ವಲ್ಪ ಮಿಗುತ್ತದೆ.

ಮೊದಲು ನಾನು ಒತ್ತಿದ್ದು ಬಾಲ್ಕನಿ ಕುಂಡದ ದೊಡ್ಡಪತ್ರೆ ಎಲೆ. ಅದರ ಬೆನ್ನಿನ ನರಗಳು ಎಷ್ಟು ಚೆನ್ನ, ಅಲ್ವಾ? ಆದರೆ ಆ ಎಲೆ ತುಂಬಾ ರಸದ್ದು. ಪೈಪು ಉರುಳಿಸಿದ ಕೂಡಲೇ ರಸ ಕ್ಲೇಗೆ ಇಳಿಯಿತು. ಬೊಬ್ಬೆ ಎದ್ದ ಓಲೆ ಅದೇ. ಆಮೇಲೆ ಪುದೀನಕ್ಕೆ ಬಂದೆ. ತೆಳು ಎಲೆ, ಅಚ್ಚು ಸ್ಪಷ್ಟ, ಅಳತೆಯೂ ಓಲೆಯಷ್ಟೇ. ಜೊತೆಗೆ ಪುದೀನ ಕಡ್ಡಿಯಲ್ಲಿ ಎಲೆಗಳು ಎದುರು ಬದುರಾಗಿ, ಎರಡೆರಡಾಗಿ ಹುಟ್ಟುತ್ತವೆ. ಒಂದೇ ಗೆಣ್ಣಿನ ಎರಡು ಎಲೆ ಕಿತ್ತರೆ ಬಲಕ್ಕೊಂದು, ಎಡಕ್ಕೊಂದು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಡುವುದು ಇದೇ. ಎಲೆಯ ಬೆನ್ನು ಕ್ಲೇಗೆ ತಾಗುವಂತೆ ಇಟ್ಟು ಒಂದೇ ಸಲ ಉರುಳಿಸಬೇಕು. ಎರಡನೇ ಸಲ ಉರುಳಿಸಿದರೆ ನರಗಳ ಗೆರೆ ಜೋಡಿಯಾಗಿ ಮೂಡುತ್ತದೆ.

ಕತ್ತರಿಸಿದ್ದನ್ನು ಒಂದು ದಿನ ಟೈಲ್ಸ್ ಮೇಲೆ ಬಿಡುತ್ತೇನೆ, ಆಗಾಗ ಮಗುಚುತ್ತೇನೆ. ಮಗುಚದಿದ್ದರೆ ಅಂಚು ಮೇಲೇಳುತ್ತದೆ. ರಾತ್ರಿ ದೋಸೆ ಆದ ಮೇಲೆ ಒಲೆ ಆರಿಸಿ, ಹಂಚು ಉಗುರು ಬೆಚ್ಚಗಾದಾಗ ಬೇಕಿಂಗ್ ಪೇಪರ್ ಹಾಸಿ ಅದರ ಮೇಲೆ ಇಡುತ್ತೇನೆ. ಆಮೇಲೆ ಕನ್ನಡಿ ಪರೀಕ್ಷೆ. ಬೆಚ್ಚಗಿನ ಓಲೆಯನ್ನು ತಣ್ಣನೆ ಕನ್ನಡಿ ಮೇಲೆ ಅರ್ಧ ನಿಮಿಷ ಇಟ್ಟು ತೆಗೆಯಬೇಕು. ಗಾಜಿನ ಮೇಲೆ ಮಬ್ಬು ಕಂಡರೆ ಒಳಗೆ ನೀರಿದೆ. ಮುಟ್ಟಿದರೆ ಒಣಗಿದೆ ಅನ್ನಿಸಿತು ಅಂತ ಸುಟ್ಟದ್ದೇ ನಾನು ಮಾಡಿದ ತಪ್ಪು. ಬೆರಳಿಗೆ ಗೊತ್ತಾಗದ ತೇವ ಕನ್ನಡಿಗೆ ಗೊತ್ತಾಗುತ್ತದೆ.

ಒಣಗಿದ ಕ್ಲೇ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ನಿಧಾನವಾಗಿ ಅಂಚು ಉಜ್ಜಿ, ಕೈಡ್ರಿಲ್‌ನಲ್ಲಿ ತೂತು ಕೊರೆಯಬೇಕು, ಅಂಚಿನಿಂದ ಕನಿಷ್ಠ 2 ಮಿ.ಮೀ. ಒಳಗೆ. ತೂತೂ ಕುಗ್ಗುತ್ತದೆ, ಸ್ವಲ್ಪ ದೊಡ್ಡದೇ ಇರಲಿ. ಉದುರಿದ ಪುಡಿ ಬಿಸಾಡಬೇಡಿ. ನಾಲ್ಕು ಹನಿ ನೀರು ಹಾಕಿದರೆ ಬಿರುಕು ಮುಚ್ಚಲು ಒಳ್ಳೆಯ ಪೇಸ್ಟ್ ಆಗುತ್ತದೆ.

ಸುಡುವುದಕ್ಕೆ ಬೇಕರಿಯವರು ಸಕ್ಕರೆ ಕೆಂಪಗೆ ಮಾಡುವ ಚಿಕ್ಕ ಬ್ಯೂಟೇನ್ ಟಾರ್ಚ್ ಸಾಕು. ಬೆಂಕಿ ತಡೆಯುವ ಇಟ್ಟಿಗೆ ಮೇಲೆ ಓಲೆ ಇಟ್ಟು, ಕಿಟಕಿ ತೆರೆದು, ಲೈಟ್ ಆರಿಸುತ್ತೇನೆ. ಕತ್ತಲಲ್ಲೇ ಬಣ್ಣ ಸರಿಯಾಗಿ ಕಾಣುವುದು. ಮೊದಲು ಹೊಗೆ, ಚಿಕ್ಕ ಜ್ವಾಲೆ. ಅದು ಅಂಟು ಉರಿಯುವುದು. ಆಮೇಲೆ ಓಲೆ ಬಿಳುಪಾಗಿ, ನಿಧಾನಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬಂದ ಮೇಲೆ ಎರಡು ನಿಮಿಷ ಬಿಡದೆ ಹಿಡಿಯಬೇಕು, ಜ್ವಾಲೆ ಆಡಿಸುತ್ತಾ ಇರಬೇಕು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ಗೆ. ಮೇಲ್ಮೈ ಪಾದರಸದಂತೆ ಹೊಳೆಯತೊಡಗಿದರೆ ತಕ್ಷಣ ಟಾರ್ಚ್ ದೂರ ಸರಿಸಿ.

ಆರಿದ ಓಲೆ ಸುಣ್ಣ ಬಳಿದಷ್ಟು ಬಿಳಿ. ಅದು ಲೇಪ ಅಲ್ಲ, ನಯವಾಗದ ಬೆಳ್ಳಿಯೇ. ಹಿತ್ತಾಳೆ ಬ್ರಷ್‌ನಿಂದ ಸೋಪಿನ ನೀರಲ್ಲಿ ಉಜ್ಜಿದಾಗ ಬೆಳ್ಳಿ ಬಣ್ಣ ಎದ್ದು ಬರುತ್ತದೆ. ಆಮೇಲೆ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಓಲೆ ಜೊತೆ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಮೊಟ್ಟೆಯ ಗಂಧಕ ಕೆಲವು ಗಂಟೆಗಳಲ್ಲಿ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮೇಲೆ ಮಾತ್ರ ಪಾಲಿಶ್ ಮಾಡಿದರೆ ಎಲೆಯ ನರಗಳಲ್ಲಿ ಕಪ್ಪು ಉಳಿಯುತ್ತದೆ. ಕೊಕ್ಕೆಗಳನ್ನು ಅವೆನ್ಯೂ ರಸ್ತೆಯಿಂದ ತಂದೆ, 92.5 ಬೆಳ್ಳಿಯದ್ದು. ಶುದ್ಧ ಬೆಳ್ಳಿ ತಂತಿ ತುಂಬಾ ಮೆತ್ತಗೆ, ಕೊಕ್ಕೆ ಆಕಾರ ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ದಿನಾ ಹಾಕುವ ಉಂಗುರಕ್ಕೆ ನಾನು ಈ ಕ್ಲೇ ಬಳಸುವುದಿಲ್ಲ. ಓಲೆಗೆ ಏನೂ ತೊಂದರೆಯಿಲ್ಲ.

ಈಗ ಮಳೆಗಾಲ. ಅಕ್ಕನಿಗೆ ಅಂತ ಮಾಡಿದ ಜೋಡಿ ಟೈಲ್ಸ್ ಮೇಲೆ ಮೂರು ದಿನದಿಂದ ಇದೆ. ಇವತ್ತು ಬೆಳಿಗ್ಗೆಯೂ ಕನ್ನಡಿಯಲ್ಲಿ ತೆಳ್ಳಗೆ ಮಬ್ಬು ಕಂಡಿತು. ಮತ್ತೆ ಹಂಚಿನ ಮೇಲೆ ಇಟ್ಟಿದ್ದೇನೆ.